ಇಂಗ್ಲೆಂಡಿನ ಜಗಳವನ್ನು ಟೈಪು ಮಾಡಿದ ವರ್ಷಗಳು

ಆಗ ನಾನು ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರ, ಟೈರು ಅಂಗಡಿಯೊಂದರ ಮೇಲಿನ ಮಹಡಿಯಲ್ಲಿದ್ದ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಆಫೀಸು ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಕೋಣೆ, ಗೋಡೆಗೆ ಮುಖ ಮಾಡಿ ಇಟ್ಟ ಕೆಲವು ಕಂಪ್ಯೂಟರುಗಳು, ಅವುಗಳ ಮುಂದೆ ಹೆಡ್‌ಫೋನು ಹಾಕಿಕೊಂಡು ಕೂತ ನಮ್ಮಂಥ ಹೆಂಗಸರು. ಇಂಗ್ಲೆಂಡಿನಿಂದ ಜನರ ಮಾತಿನ ರೆಕಾರ್ಡಿಂಗು ಬರುತ್ತಿತ್ತು. ಅದನ್ನು ಕೇಳಿ, ಟೈಪು ಮಾಡಿ, ವಾಪಸ್ಸು ಕಳಿಸುವುದು ಕೆಲಸ. ಮೇಜಿನ ಕೆಳಗೆ ಹೊಲಿಗೆ ಮಿಷನ್ನಿಗೆ ಇರುವಂಥ ಒಂದು ಪೆಡಲು. ಒತ್ತಿದರೆ ಮಾತು ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇಂಗ್ಲಿಷ್ ಎಂ.ಎ. ಮಾಡಿ ಲೆಕ್ಚರರ್ ಆಗುತ್ತೇನೆ ಎಂದುಕೊಂಡಿದ್ದವಳು ಹೀಗೆ ಕಾಲಿನಲ್ಲಿ ಪೆಡಲು ತುಳಿಯುತ್ತಾ ಕೂತೆ. ನನ್ನ ಗಂಡ ದಿನಾ ಮಾಲೂರಿನ ಇಂಡಸ್ಟ್ರಿಯಲ್ ಏರಿಯಾಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಇಬ್ಬರೂ ಸಂಜೆ ಒಂದೇ ಹೊತ್ತಿಗೆ ಮನೆ ಸೇರಿ, ಒಬ್ಬರ ಮುಖ ಒಬ್ಬರು ನೋಡಿ, ಮಾತಾಡಲು ಶಕ್ತಿಯಿಲ್ಲದೆ ಕಾಫಿ ಕುಡಿಯುತ್ತಿದ್ದೆವು.

ಮೊದಮೊದಲು ಬರುತ್ತಿದ್ದದ್ದು ರೋಗಿಗಳ ವಿವರ ಹೇಳಿ ಬರೆಸುವ ಡಾಕ್ಟರುಗಳ ಧ್ವನಿ. ಒಬ್ಬರೇ ಮಾತಾಡುತ್ತಿದ್ದರು, ಸುಲಭವಿತ್ತು. ಆಮೇಲೆ ಆ ವರ್ಷ ಬಂತು. ನಮ್ಮಲ್ಲಿ ಮಾವಿನ ಸುಗ್ಗಿ, ಶ್ರೀನಿವಾಸಪುರದ ಮಂಡಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತು, ಅಪ್ಪನ ಮನೆಗೆ ಹೋದವಳು ವಾಪಸ್ಸು ಬರುವಾಗ ಬಸ್ಸು ಅಲ್ಲಾಡದೆ ಕೂತಿತ್ತು. ಪಕ್ಕದಲ್ಲಿ ಕೂತವರ ಪೇಪರಿನಲ್ಲಿ ನೋಡಿದೆ. ಬ್ರಿಟನ್ನಿನ ಜನ ಯುರೋಪಿನ ಒಕ್ಕೂಟದಿಂದ ಹೊರಗೆ ಬರುವುದಕ್ಕೆ ಓಟು ಹಾಕಿದ್ದರು. ಬೇಕು ಅಂದವರು ಬೇಡ ಅಂದವರಿಗಿಂತ ಸ್ವಲ್ಪವೇ ಹೆಚ್ಚು. ಅದಕ್ಕೆ ಬ್ರೆಕ್ಸಿಟ್ ಎಂದು ಹೆಸರು. ಓದಿ ಮರೆತುಬಿಟ್ಟೆ. ನನಗೂ ಅದಕ್ಕೂ ಏನು ಸಂಬಂಧ ಎಂದುಕೊಂಡೆ.

ಕೆಲವೇ ದಿನಗಳಲ್ಲಿ ಡಾಕ್ಟರುಗಳು ನಿಂತು ಹೊಸ ಥರದ ರೆಕಾರ್ಡಿಂಗುಗಳು ಬರತೊಡಗಿದವು. ಅಲ್ಲಿನ ಯಾವುದೋ ಊರಿನ ಸಮುದಾಯ ಭವನದಲ್ಲಿ ಹತ್ತಾರು ಜನರನ್ನು ಕೂರಿಸಿ, ಟೀ ಬಿಸ್ಕತ್ತು ಕೊಟ್ಟು, ನೀವು ಯಾಕೆ ಹಾಗೆ ಓಟು ಹಾಕಿದಿರಿ, ಈಗ ಏನನ್ನಿಸುತ್ತದೆ, ಇನ್ನು ಮುಂದೆ ಯಾವ ಪಕ್ಷಕ್ಕೆ ಹಾಕುತ್ತೀರಿ ಎಂದು ಒಬ್ಬ ಹೆಂಗಸು ಕೇಳುತ್ತಿದ್ದಳು. ಜನರ ಅಭಿಪ್ರಾಯ ಸಂಗ್ರಹಿಸುವ ಕಂಪನಿಯ ಕೆಲಸ ಅದು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಕಪ್‌ ಸಾಸರುಗಳ ಸದ್ದು, ಕೆಮ್ಮು, ಕುರ್ಚಿ ಎಳೆಯುವ ಸದ್ದು, ಅದರ ನಡುವೆ ಮಾತು. ಯಾರ ಹೆಸರೂ ನಮಗೆ ಗೊತ್ತಿರುತ್ತಿರಲಿಲ್ಲ, ಬರೀ ನಂಬರು. ನಮ್ಮ ಮಾಲೀಕರು ಮೊದಲ ದಿನವೇ ಎಲ್ಲರನ್ನೂ ಕರೆದು ಹೇಳಿದರು:

"ತಿದ್ದೋಕೆ ಹೋಗ್ಬೇಡಿ. ತಪ್ಪು ಮಾತಾಡಿದ್ರೆ ತಪ್ಪೇ ಹೊಡೀರಿ. ನಕ್ಕರೆ ನಕ್ಕರು ಅಂತ ಹಾಕಿ. ಸುಮ್ನಿದ್ರೆ ಮೌನ ಅಂತ ಹಾಕಿ."

ನನ್ನ ಪಕ್ಕದ ಸೀಟಿನಲ್ಲಿ ಮುಳಬಾಗಿಲಿನ ಒಬ್ಬ ಅಕ್ಕ ಇದ್ದರು. ಐವತ್ತರ ಹತ್ತಿರ, ಮನೆಮಾತು ತೆಲುಗು. ಹಿಂದೆ ಕಾನ್ವೆಂಟಿನಲ್ಲಿ ಟೀಚರಾಗಿದ್ದವರು. ಅವರು ಉತ್ತರ ಇಂಗ್ಲೆಂಡಿನ ಮೊದಲ ರೆಕಾರ್ಡಿಂಗು ಕೇಳಿ, ಹೆಡ್‌ಫೋನು ಕಿತ್ತು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಏಮ್ಮಾ, ಇದೇನ್ ಇಂಗ್ಲೀಷೇನಮ್ಮಾ? ನಾನು ಇಪ್ಪತ್ತು ವರ್ಷ ಮಕ್ಕಳಿಗೆ ಹೇಳ್ಕೊಟ್ಟಿದ್ದು ಬೇರೆ ಯಾವ್ದಾದ್ರೂ ಭಾಷೇನಾ?"

ನಾವು ನಕ್ಕೆವು. ಆಮೇಲೆ ಕಿವಿ ಹೊಂದಿಕೊಂಡಿತು. ಶ್ರೀನಿವಾಸಪುರದ ಕನ್ನಡ ಬೇರೆ, ಆಂಧ್ರದ ಗಡಿಯ ರಾಯಲ್ಪಾಡಿನ ಕಡೆ ಹೋದರೆ ಅರ್ಧ ತೆಲುಗೇ ಆಗುವ ಹಾಗೆ ಅವರದೂ ಊರಿಗೊಂದು ಇಂಗ್ಲಿಷು. ಮೊದಮೊದಲು ಒಂದು ಸಾಲಿಗೆ ನಾಲ್ಕು ಸಲ ಪೆಡಲು ಬಿಟ್ಟು ಒತ್ತುತ್ತಿದ್ದವಳು, ಆಮೇಲಾಮೇಲೆ ಅವರು ಮಾತು ಮುಗಿಸುವ ಮೊದಲೇ ಇಂಥದ್ದೇ ಹೇಳುತ್ತಾರೆ ಎಂದು ಟೈಪು ಮಾಡಿಬಿಡುತ್ತಿದ್ದೆ. ಯಾಕೆಂದರೆ ಹೇಳುತ್ತಿದ್ದದ್ದು ಹೆಚ್ಚು ಕಡಿಮೆ ಅದೇ. ನಮ್ಮನ್ನು ಯಾರೂ ಕೇಳುವವರಿಲ್ಲ. ಡಾಕ್ಟರ ಹತ್ತಿರ ಹೋದರೆ ದಿನಗಟ್ಟಲೆ ಕಾಯಬೇಕು. ಹೊರಗಿನಿಂದ ಬಂದವರು ನಮ್ಮ ಕೆಲಸ ತಗೊಂಡರು. ಒಬ್ಬ ಮುದುಕ, ಬ್ಯಾಂಕಿಗೆ ಫೋನು ಮಾಡಿದರೆ ಇಂಡಿಯಾದಲ್ಲಿ ಎತ್ತುತ್ತಾರೆ, ನಮ್ಮ ಹುಡುಗರಿಗೆ ಆ ಕೆಲಸ ಇಲ್ಲವಾ ಎಂದು ಮೇಜು ಕುಟ್ಟಿದ. ಅವನ ಸಿಟ್ಟನ್ನು ಕೋಲಾರದಲ್ಲಿ ಕೂತು ನಾನು ಅಕ್ಷರ ಬಿಡದೆ ಟೈಪು ಮಾಡಿದೆ. ನನಗೆ ಬೇಜಾರಾಗಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಗುಂಪುಗಳಲ್ಲಿ ಒಂದನ್ನು ಮತ್ತೆ ಮತ್ತೆ ಕರೆಸುತ್ತಿದ್ದರು. ಅದೇ ಜನರ ಅಭಿಪ್ರಾಯ ಹೇಗೆ ಬದಲಾಗುತ್ತದೆ ಎಂದು ನೋಡಲಿಕ್ಕಂತೆ. ಅದರಲ್ಲಿ ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಒಬ್ಬಾಕೆ ಇದ್ದಳು. ಕಲ್ಲಿದ್ದಲಿನ ಗಣಿ ಮುಚ್ಚಿಹೋದ ಊರಿನವಳು. ನಮ್ಮ ಮಗ್ಗುಲಲ್ಲೇ ಚಿನ್ನದ ಗಣಿ ಮುಚ್ಚಿದ ಊರಿರುವಾಗ ಅದು ಎಂಥದ್ದು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆಕೆಯ ಅಪ್ಪ ಗಣಿಯ ಕೆಲಸಗಾರ, ಕಾರ್ಮಿಕ ಸಂಘದ ಮನುಷ್ಯ. ಆ ಮನೆಯವರು ಹುಟ್ಟಿದಾಗಿನಿಂದ ಕಾರ್ಮಿಕರದ್ದು ಎನ್ನುವ ಕೆಂಪು ಬಣ್ಣದ ಪಕ್ಷಕ್ಕೇ ಓಟು ಹಾಕುವವರು. ಮೊದಲ ರೆಕಾರ್ಡಿಂಗಿನಲ್ಲಿ ಆಕೆ ಜೋರಾಗಿ ನಗುತ್ತಿದ್ದಳು. ಹೊರಗೆ ಬರುವುದಕ್ಕೆ ಓಟು ಹಾಕಿದೆ, ಮೊದಲನೇ ಸಲ ನನ್ನ ಓಟಿಗೂ ಬೆಲೆ ಬಂತು ಎನ್ನಿಸಿತು ಎಂದಳು. ತಮ್ಮನಿಗೆ ಮಾತ್ರ ಸಿಟ್ಟು, ಅವನು ಕಾರು ಮಾಡುವ ಕಾರ್ಖಾನೆಯಲ್ಲಿದ್ದಾನೆ, ಕೆಲಸ ಹೋಗುತ್ತದೆ ಅಂತಾನೆ, ಎರಡು ದಿನ ಬಿಟ್ಟರೆ ಸರಿಹೋಗುತ್ತಾನೆ ಎಂದು ಮತ್ತೆ ನಕ್ಕಳು.

ಭಾನುವಾರ ಯಲ್ದೂರಿನ ಹತ್ತಿರದ ನಮ್ಮೂರಿಗೆ ಹೋದಾಗ ಅಪ್ಪನಿಗೆ ಈ ಕಥೆಯೆಲ್ಲ ಹೇಳುತ್ತಿದ್ದೆ. ಅಪ್ಪ ರಾಗಿ, ಹಿಪ್ಪುನೇರಳೆ, ಮಾವಿನ ತೋಪು ನೋಡಿಕೊಂಡಿದ್ದವರು. ರಾಜಕೀಯ ಅಂದರೆ ಕಿವಿ ನಿಮಿರುತ್ತಿತ್ತು. ಇಂಗ್ಲೆಂಡು ಹೊರಗೆ ಬರುತ್ತೇವೆ ಅಂದು ವರ್ಷ ಕಳೆದರೂ ಬಂದಿರಲಿಲ್ಲವಲ್ಲ, ನಾನು ಜಗಲಿ ಹತ್ತಿದ ಕೂಡಲೇ ಕೇಳುತ್ತಿದ್ದರು:

"ಏನಮ್ಮಾ, ಹೊರಗೆ ಬಂದ್ರಾ ನಿಮ್ಮೋರು?"

"ಇನ್ನೂ ಇಲ್ಲಪ್ಪ. ಯುರೋಪಿನೋರ ಜೊತೆ ಮಾತುಕತೆ ಮುಗಿದಿಲ್ವಂತೆ."

"ಅದೆಂಥ ಬೇರೆ ಆಗೋದಮ್ಮಾ? ನಮ್ಮಲ್ಲಿ ಅಣ್ಣ ತಮ್ಮ ಪಾಲಾದ್ರೆ ಒಂದು ಪಂಚಾಯ್ತೀಲಿ ಮುಗೀತದೆ."

ಪಕ್ಕದಲ್ಲಿ ಕೂತು ಬೀಡಿ ಸೇದುತ್ತಿದ್ದ ಚಿಕ್ಕಪ್ಪ ಅದಕ್ಕೆ, "ಅಣ್ಣಾ, ಅವರು ದೊಡ್ಡೋರು ಕಣಣ್ಣ, ದೊಡ್ಡೋರ ಪಾಲು ತಡ" ಎಂದು ನಗುತ್ತಿದ್ದರು. ಚಿಕ್ಕಪ್ಪ ಅಪ್ಪನಿಗಿಂತ ತುಂಬ ಚಿಕ್ಕವರು. ತಾತ ಬೇಗ ಹೋಗಿದ್ದರಿಂದ ಅವರನ್ನು ಓದಿಸಿ, ಮದುವೆ ಮಾಡಿದ್ದು ಅಪ್ಪನೇ. ಮನೆ ಎರಡಾಗಿದ್ದರೂ ಅಂಗಳ ಒಂದೇ. ತೋಪು ಪಾಲಾಗಿದ್ದರೂ ಪಂಪ್‌ಸೆಟ್ಟು ಒಂದೇ. ಪಕ್ಷವೂ ಒಂದೇ. ತಾತನ ಕಾಲದಿಂದ ಒಂದೇ ಗುರುತಿಗೆ ಒತ್ತುತ್ತಾ ಬಂದವರು.

ಆ ಒಗ್ಗಟ್ಟು ಮುರಿದದ್ದು ಒಂದು ವಿಧಾನಸಭೆ ಚುನಾವಣೆಯ ಮುಂಚೆ. ತಾಲ್ಲೂಕಿನಲ್ಲಿ ಅವರಿಬ್ಬರೂ ನಂಬಿಕೊಂಡಿದ್ದ ಒಬ್ಬ ನಾಯಕರು ಟಿಕೆಟ್ಟು ಸಿಗದೆ ಬೇರೆ ಪಕ್ಷಕ್ಕೆ ಹೋದರು. ಅವರ ಹಿಂದೆ ಹೋದವರಲ್ಲಿ ಚಿಕ್ಕಪ್ಪನೂ ಒಬ್ಬರು. ವೇದಿಕೆಯ ಮೇಲೆ ಹೊಸ ಶಾಲು ಹೊದ್ದು ನಿಂತ ಫೋಟೋ ಪೇಪರಿನಲ್ಲಿ ಬಂತು. ಅಪ್ಪ ಅದನ್ನು ನೋಡಿದ್ದು ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದುಕೊಂಡು ನಿಂತಿದ್ದಾಗ. ಚಿಕ್ಕಪ್ಪ ಹಾಲು ತಂದಾಗ ಅಪ್ಪ ಎಲ್ಲರ ಎದುರಿಗೆ, "ಬಾರಪ್ಪಾ, ಮಾರ್ಕೊಂಡೋನೇ" ಎಂದುಬಿಟ್ಟರು. ಚಿಕ್ಕಪ್ಪ ಹಾಲು ಹಾಕದೆ ಕ್ಯಾನು ಎತ್ತಿಕೊಂಡು ವಾಪಸ್ಸು ಹೋದರು. ಆ ವಾರವೇ ಅಂಗಳದ ಮಧ್ಯೆ ಚಪ್ಪಡಿ ಕಲ್ಲು ನಿಂತವು. ಪಂಪ್‌ಸೆಟ್ಟಿನ ಸರದಿಗೆ ಬೇರೆಯವರ ಕೈಲಿ ಹೇಳಿ ಕಳಿಸುವುದು ಶುರುವಾಯಿತು. ತೀರಿಹೋದ ಅಜ್ಜಿಗೂ ತಾತನಿಗೂ ಎಡೆ ಇಡುವ ಹಿರಿಯರ ಹಬ್ಬವನ್ನು ಆ ಸಲ ಕಲ್ಲಿನ ಆ ಕಡೆ ಒಂದು, ಈ ಕಡೆ ಒಂದು ಎಂದು ಬೇರೆ ಬೇರೆ ಮಾಡಿದರು.

ನಾನು ಹಬ್ಬದ ಮುಂಚೆ ಚಿಕ್ಕಪ್ಪನ ಮನೆಗೆ ಹೋಗಿದ್ದೆ.

"ಬಾಮ್ಮಾ, ಕೂತ್ಕೋ. ನಿಮ್ಮಪ್ಪ ಕಳಿಸಿದ್ನಾ?"

"ಇಲ್ಲ ಚಿಕ್ಕಪ್ಪ, ನಾನೇ ಬಂದೆ. ಅಜ್ಜಿಗೆ ಎರಡು ಕಡೆ ಎಡೆ ಇಟ್ರೆ ಹೆಂಗೆ?"

"ನಾನೇನು ಬೇಡ ಅಂದ್ನಾ? ಬೇರೆ ಯಾರಾದ್ರೂ ಅಂದಿದ್ರೆ ಬಿಟ್ಟಾಕ್ತಿದ್ದೆ. ಎತ್ಕೊಂಡು ಸಾಕಿದ ಅಣ್ಣ ಅಂದ. ಅದೂ ಡೈರಿ ಮುಂದೆ."

ಇತ್ತ ಬಂದು ಅಪ್ಪನನ್ನು ಕೇಳಿದರೆ ಅವರದು ಬೇರೆಯೇ ನೋವು.

"ಅವನು ಪಾರ್ಟಿ ಬಿಟ್ಟಿದ್ದಕ್ಕಲ್ಲ ಕಣಮ್ಮಾ. ನಂಗೆ ಒಂದು ಮಾತು ಹೇಳ್ಲಿಲ್ಲ. ಊರೋರ ಜೊತೆ ನಾನೂ ಪೇಪರ್ ನೋಡಿ ತಿಳ್ಕೋಬೇಕಾ?"

ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಮಾಡಲು ಏನೂ ಉಳಿಯಲಿಲ್ಲ. ಅಮ್ಮ ಪಾತ್ರೆ ತೊಳೆಯುತ್ತಾ, "ನೀನು ಸುಮ್ನೆ ಓಡಾಡಿ ಸುಸ್ತು ಮಾಡ್ಕೋಬೇಡ, ಊಟ ಮಾಡು" ಎಂದರು. ಆಮೇಲಿಂದ ಅಪ್ಪ ಇಂಗ್ಲೆಂಡಿನ ವಿಷಯ ಕೇಳುವುದನ್ನು ಬಿಟ್ಟರು.

ಆಫೀಸಿನಲ್ಲಿ ಮಾತ್ರ ಅದು ಬಿಡಲಿಲ್ಲ. ಪೆಡಲು ಒತ್ತಿದರೆ ಅದೇ ಜಗಳ. ಹೊರಗೆ ಬನ್ನಿ, ಬರಬೇಡಿ, ಇನ್ನೊಂದು ಸಲ ಓಟು ಹಾಕಿ, ಹಾಕಿದ್ದು ಹಾಕಿಯಾಯಿತು. ಅಡುಗೆಮನೆಯಾಕೆ ಎರಡನೆಯ ಸಲ ಬಂದಾಗ ನಗು ಕಡಿಮೆಯಾಗಿತ್ತು. ತಮ್ಮ ಮನೆಗೆ ಬರುವುದನ್ನು ಬಿಟ್ಟಿದ್ದಾನೆ ಎಂದಳು. ನನ್ನನ್ನು ಓದಿಲ್ಲದವಳು ಅಂದ, ಟೀವಿಯಲ್ಲಿ ಅಂದವರನ್ನು ನಾನು ಲೆಕ್ಕಕ್ಕೆ ಇಡಲಿಲ್ಲ, ಇವನು ಅಂದ ಎಂದಳು. ಆ ಮಾತು ಕೇಳಿ ನನ್ನ ಕಾಲು ತಾನಾಗಿಯೇ ಪೆಡಲಿನಿಂದ ಮೇಲೆದ್ದಿತು. ಮುಳಬಾಗಿಲಿನ ಅಕ್ಕ, "ಏನಾಯ್ತಮ್ಮಾ?" ಎಂದರು. ಏನಿಲ್ಲ ಅಕ್ಕ ಎಂದು ಮತ್ತೆ ಒತ್ತಿದೆ.

ಆಮೇಲೆ ಅಲ್ಲಿ ಡಿಸೆಂಬರಿನ ಚಳಿಯಲ್ಲೊಂದು ಚುನಾವಣೆ ನಡೆಯಿತು. ಗಣಿಯ ಎಷ್ಟೋ ಊರುಗಳು ತಲೆತಲಾಂತರದಿಂದ ಬೈಯುತ್ತಿದ್ದ ಎದುರಾಳಿ ನೀಲಿ ಪಕ್ಷಕ್ಕೆ ಓಟು ಹಾಕಿದವು. ಬ್ರೆಕ್ಸಿಟ್ ಮುಗಿಸಿಕೊಡುತ್ತೇವೆ ಎಂದು ಅವರು ಹೇಳಿದ್ದೇ ಕಾರಣ. ಅಡುಗೆಮನೆಯಾಕೆಯೂ ಹಾಕಿದ್ದಳು. ಅದನ್ನು ಹೇಳುವಾಗ ಧ್ವನಿ ಬಿದ್ದುಹೋಗಿತ್ತು. ಓಟಿನ ಚೀಟಿಯ ಮುಂದೆ ಪೆನ್ಸಿಲು ಹಿಡಿದು ತುಂಬ ಹೊತ್ತು ನಿಂತಿದ್ದೆ, ಅಪ್ಪ ಹಿಂದೆ ನಿಂತು ನೋಡುತ್ತಿದ್ದಾನೆ ಅನ್ನಿಸಿತು ಎಂದಳು. ಹಾಗಾದರೆ ಯಾಕೆ ಹಾಕಿದಿರಿ ಎಂದು ಪ್ರಶ್ನೆ ಕೇಳುವವಳು ಕೇಳಿದಳು. ಮುಗಿದುಹೋಗಲಿ ಅಂತ, ಮುಗಿದರೆ ತಮ್ಮ ಮಾತಾಡಬಹುದು ಅಂತ ಎಂದಳು. ನಾನು ಮೌನ ಎಂದು ಟೈಪು ಮಾಡಿದೆ.

ಚಳಿ ಮುಗಿಯುವ ಮೊದಲೇ ಅವರು ನಿಜವಾಗಿಯೂ ಹೊರಗೆ ಬಂದರು. ಅದಾದ ಮೇಲೆ ಕಾಯಿಲೆಯ ವರ್ಷ ಬಂತು. ಆಫೀಸು ಮುಚ್ಚಿ, ಮತ್ತೆ ತೆರೆಯುವ ತನಕ ನಾವೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡಿದೆವು. ಊರಿನಲ್ಲಿ ಅಣ್ಣ ತಮ್ಮ ಚಪ್ಪಡಿಯ ಆ ಕಡೆ ಈ ಕಡೆ ಬಾಯಿಗೆ ಟವೆಲ್ಲು ಕಟ್ಟಿಕೊಂಡು ಓಡಾಡುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ, ಅದೇ ಪುಣ್ಯ.

ಮುಂದಿನ ವಿಧಾನಸಭೆ ಚುನಾವಣೆ ಬರುವ ಹೊತ್ತಿಗೆ ಆ ನಾಯಕರು ವಾಪಸ್ಸು ಹಳೆಯ ಪಕ್ಷಕ್ಕೇ ಬಂದರು. ಅಲ್ಲಿ ಅವರಿಗೆ ಆಗಿಬರಲಿಲ್ಲವಂತೆ. ಚಿಕ್ಕಪ್ಪನನ್ನು ಯಾರೂ ಕರೆಯಲಿಲ್ಲ. ತಾವಾಗಿ ಬರಲು ಅವರಿಗೆ ನಾಚಿಕೆ. ಹೀಗಾಗಿ ಯಾರನ್ನು ನಂಬಿ ಹೋಗಿದ್ದರೋ ಅವರೇ ಇಲ್ಲದ ಪಕ್ಷದಲ್ಲಿ ಚಿಕ್ಕಪ್ಪ ಒಬ್ಬರೇ ಉಳಿದರು. ಇತ್ತ ಅಪ್ಪ, ಯಾರನ್ನು ವರ್ಷಗಟ್ಟಲೆ ಬೈದಿದ್ದರೋ ಅವರದೇ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತು ಬಂದರು. ಸಭೆಯಿಂದ ಬಂದು ಜಗಲಿಯ ಮೇಲೆ ಚಪ್ಪಲಿ ಬಿಚ್ಚದೆ ಎಷ್ಟೋ ಹೊತ್ತು ಕೂತಿದ್ದರಂತೆ. ಈಗಾದರೂ ಕಲ್ಲು ಕೀಳಬಹುದಲ್ಲ ಎಂದು ನಾನು ಫೋನಿನಲ್ಲಿ ಕೇಳಿದಾಗ ಅಮ್ಮ, "ಯಾವುದಕ್ಕೆ ಜಗಳ ಆಯ್ತೋ ಅದು ಹೋಯ್ತಮ್ಮ. ಜಗಳ ಮಾತ್ರ ಇಲ್ಲೇ ಇದೆ" ಎಂದರು.

ಇಂಗ್ಲೆಂಡಿನಲ್ಲಿ ಮತ್ತೆ ಚುನಾವಣೆ ಬಂತು. ಕೆಂಪು ಪಕ್ಷದವರು ಗೆದ್ದರು. ಅಷ್ಟರಲ್ಲಿ ನಮ್ಮ ಕೆಲಸವೂ ಬದಲಾಗಿತ್ತು. ಮಾತು ಕೇಳಿ ಟೈಪು ಮಾಡುವುದನ್ನು ಕಂಪ್ಯೂಟರೇ ಮಾಡುತ್ತಿತ್ತು, ಅದರ ತಪ್ಪು ತಿದ್ದುವುದಷ್ಟೇ ನಮ್ಮ ಪಾಲಿಗೆ. ಮುಳಬಾಗಿಲಿನ ಅಕ್ಕ, "ಚಾಲಮ್ಮಾ, ಸಾಕು, ನನ್ನ ಕಣ್ಣೂ ಹೋಯ್ತು" ಎಂದು ಬಿಟ್ಟು ಹೋದರು. ನಾನು ಇನ್ನೂ ಕೆಲವು ತಿಂಗಳು ಉಳಿದೆ. ಆ ಗುಂಪಿನ ಕೊನೆಯ ರೆಕಾರ್ಡಿಂಗು ನನ್ನ ಕೈಗೇ ಬಂತು. ಗುಂಪು ಸಣ್ಣದಾಗಿತ್ತು. ಮೇಜು ಕುಟ್ಟುತ್ತಿದ್ದ ಮುದುಕ ತೀರಿಕೊಂಡಿದ್ದ. ಉಳಿದವರು ಬ್ರೆಕ್ಸಿಟ್ ಎಂಬ ಮಾತು ಬಂದ ಕೂಡಲೇ ಬೇರೆ ಮಾತಿಗೆ ಹಾರುತ್ತಿದ್ದರು. ಹೊರಗೆ ಬಂದು ಏನಾಯಿತು ಎಂದರೆ, ಕೆಲವರು ಏನೂ ಆಗಲಿಲ್ಲ ಎಂದರು, ಕೆಲವರು ಹಾಳಾಯಿತು ಎಂದರು, ಒಬ್ಬ ಸರಿಯಾಗಿ ಮಾಡಲಿಲ್ಲ, ಮಾಡಿದ್ದರೆ ಚೆನ್ನಾಗಿತ್ತು ಎಂದ. ಯಾರ ಧ್ವನಿಯೂ ಏರಲಿಲ್ಲ. ಒಂದು ಹೊಸ ಪಕ್ಷದವರು ಮನೆ ಬಾಗಿಲಿಗೆ ಬರುತ್ತಿದ್ದಾರೆ, ಅವರಿಗೂ ಒಂದು ಸಲ ಹಾಕಿ ನೋಡೋಣ ಎಂದು ಇಬ್ಬರು ಹೇಳಿದರು, ಅದೂ ಬಸ್ಸು ಬರದೆ ಆಟೋ ಹತ್ತುವವರ ಧಾಟಿಯಲ್ಲಿ.

ಅಡುಗೆಮನೆಯಾಕೆ ನಿವೃತ್ತಳಾಗಿದ್ದಳು. ತಮ್ಮ ಈಗ ಫೋನು ಮಾಡುತ್ತಾನೆ ಎಂದಳು. ಅವನ ಕಾರ್ಖಾನೆ ನಡೆಯುತ್ತಲೇ ಇದೆ, ಕೆಲಸವೂ ಹೋಗಲಿಲ್ಲ. ಅವನ ನಾಯಿಗೆ ಹುಷಾರಿಲ್ಲದಾಗ ಮೊದಲ ಸಲ ಫೋನು ಮಾಡಿದನಂತೆ. ನಾಯಿಯ ವಿಷಯ, ಮಂಡಿ ನೋವಿನ ವಿಷಯ ಮಾತಾಡುತ್ತೇವೆ, ಆ ವಿಷಯ ಮಾತ್ರ ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ ಎಂದಳು. ಈ ಸಲ ಯಾರಿಗೆ ಹಾಕಿದಿರಿ ಎಂದು ಕೇಳಿದ್ದಕ್ಕೆ, ಹೋಗಲಿಲ್ಲ, ಆವತ್ತು ಬಟ್ಟೆ ಒಗೆಯುವುದಿತ್ತು ಎಂದಳು. ಅಪ್ಪನ ಕಾಲದಿಂದ ಒಂದೂ ಓಟು ತಪ್ಪಿಸದವಳು. ನನಗೆ ಆಕೆಯ ಮುಖ ಗೊತ್ತಿಲ್ಲ, ಊರಿನ ಹೆಸರು ಗೊತ್ತಿಲ್ಲ, ನಾನೊಬ್ಬಳು ಇದ್ದೇನೆಂದು ಆಕೆಗೂ ಗೊತ್ತಿಲ್ಲ. ಆದರೂ ಆ ಫೈಲು ಕಳಿಸಿದ ಮೇಲೆ ನಾನು ಬೇರೆ ಫೈಲು ತೆರೆಯಲಿಲ್ಲ. ಮೆಟ್ಟಿಲಿಳಿದು ಟೈರು ಅಂಗಡಿಯ ಮುಂದೆ ಒಂದಷ್ಟು ಹೊತ್ತು ನಿಂತಿದ್ದೆ. ಆ ತಿಂಗಳ ಕೊನೆಗೆ ಆಫೀಸು ಮುಚ್ಚಿತು. ಈಗ ಮನೆಯಲ್ಲೇ ಮಕ್ಕಳಿಗೆ ಇಂಗ್ಲಿಷ್ ಟ್ಯೂಷನ್ ಹೇಳಿಕೊಡುತ್ತೇನೆ.

ಆಮೇಲಿನ ಜನವರಿಯಲ್ಲಿ ಒಂದು ಬೆಳಿಗ್ಗೆ ಚಿಕ್ಕಮ್ಮ ಅಳುತ್ತಾ ಫೋನು ಮಾಡಿದರು. ಚಿಕ್ಕಪ್ಪನಿಗೆ ಎದೆ ನೋವು ಬಂದು ಕೋಲಾರದ ಆಸ್ಪತ್ರೆಗೆ ಸೇರಿಸಿದ್ದರು. ನಾನು ಹೋಗುವ ಹೊತ್ತಿಗೆ ಗಂಡಾಂತರ ಕಳೆದಿತ್ತು. ಅಪ್ಪನಿಗೆ ಬನ್ನಿ ಎನ್ನಲೋ ಬೇಡವೋ ಎಂದು ಯೋಚಿಸುತ್ತಿರುವಾಗಲೇ, ಅಪ್ಪ ಸರ್ಕಾರಿ ಬಸ್ಸು ಹಿಡಿದು ಬಂದು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಏನೂ ಇರಲಿಲ್ಲ. ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡಿದ್ದರು.

"ಏನ್ಲಾ," ಎಂದರು.

"ಬಾಣ್ಣ."

"ಏನು ತಿಂದೆ?"

"ಗಂಜಿ ಕೊಟ್ರು. ಉಪ್ಪಿಲ್ಲ."

ಅಪ್ಪ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಎಷ್ಟು ವರ್ಷದ ಮೇಲಿನ ಮಾತು ಎಂದು ನಾನು ಲೆಕ್ಕ ಹಾಕುವುದಕ್ಕೂ ಹೋಗಲಿಲ್ಲ. ಚಿಕ್ಕಮ್ಮ ಕಿಟಕಿಯ ಕಡೆ ತಿರುಗಿಕೊಂಡು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ತೋಪಲ್ಲಿ ಹೂವು ಹೆಂಗೈತಣ್ಣ?" ಎಂದು ಚಿಕ್ಕಪ್ಪ ಕೇಳಿದರು.

"ನಿನ್ನ ಕಡೆ ಚೆನ್ನಾಗಿ ಬಂದೈತೆ. ಜಿಗಿಹುಳ ಬಿದ್ದೈತೆ. ಔಷಧಿ ಹೊಡೀಬೇಕು."

"ಯಾರಿಗಾದ್ರೂ ಹೇಳ್ಬೇಕು ಅಂತಿದ್ದೆ, ಅಷ್ಟರಲ್ಲಿ ಹಿಂಗಾಯ್ತು."

"ಬೇರೇರು ಮೇಲೆ ಮೇಲೆ ಹೊಡೆದು ಹೋಗ್ತಾರೆ. ನಾನು ನಿಂತು ಹೊಡೆಸ್ತೀನಿ. ಮಲಕ್ಕೋ ನೀನು."

ಅಷ್ಟರಲ್ಲಿ ಅಪ್ಪನ ಮೊಬೈಲು ಹೊಡೆದುಕೊಂಡಿತು. ನಾಯಕರ ಜೊತೆ ಓಡಾಡುವವರೊಬ್ಬರು. ಸಾಹೇಬರಿಗೆ ವಿಷಯ ಗೊತ್ತಾಯಿತು, ಕೇಳಿದರು ಅಂತ ಹೇಳಿ ಎಂದರಂತೆ. ಅಪ್ಪ ಫೋನು ಜೇಬಿಗಿಟ್ಟು, "ಕೇಳಿದ್ರಂತೆ ನಿನ್ನ" ಎಂದರು. ಚಿಕ್ಕಪ್ಪ ನಗಲು ಹೋಗಿ, ಎದೆ ನೋಯುತ್ತದೆಂದು ಕೈಯಿಟ್ಟುಕೊಂಡರು. ಅಪ್ಪನೂ ಸ್ವಲ್ಪ ನಕ್ಕರು. ಅದರ ಬಗ್ಗೆ ಅಣ್ಣ ತಮ್ಮ ಆಡಿದ ಮಾತು ಅಷ್ಟೇ. ಸಂಜೆಯ ಬಸ್ಸಿಗೆ ಅಪ್ಪ ಹೊರಟರು. ಅವರನ್ನು ಬಿಡಲು ಹೋದಾಗ, ಈಗ ಮನಸ್ಸಿಗೆ ಹೇಗಿದೆ ಎಂದು ಕೇಳಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಕಂಬಿ ಹಿಡಿದು ಬಸ್ಸು ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು ಕೂತಿದ್ದರು.

ಕಲ್ಲುಗಳು ಇನ್ನೂ ಹಾಗೆಯೇ ಇವೆ. ಈಗ ಅವುಗಳ ಮೇಲೆ ಎರಡೂ ಮನೆಯವರು ಬಟ್ಟೆ ಒಣಗಿಸುತ್ತಾರೆ. ಹಿರಿಯರ ಹಬ್ಬವೂ ಎರಡು ಕಡೆ ನಡೆಯುತ್ತದೆ, ಒಟ್ಟಿಗೆ ಮಾಡೋಣ ಎಂದು ನಾನು ಮತ್ತೆ ಕೇಳಿದಾಗ ಅಮ್ಮನೂ ಚಿಕ್ಕಮ್ಮನೂ ಒಟ್ಟಿಗೆ, ಅಷ್ಟು ಜನಕ್ಕೆ ಅಡುಗೆ ಮಾಡುವ ಶಕ್ತಿ ಈಗ ಯಾರಿಗಿದೆ ಎಂದರು. ಪಂಪ್‌ಸೆಟ್ಟಿನ ಸರದಿಯನ್ನು ಮಾತ್ರ ಅಣ್ಣ ತಮ್ಮ ಕಲ್ಲಿನ ಮೇಲಿಂದಲೇ ಕೂಗಿ ಹೇಳಿಕೊಳ್ಳುತ್ತಾರೆ.

ಈಚೆಗೆ ಡೈರಿಯ ಸಂಘದ ಚುನಾವಣೆ ಬಂತು. ನಾನು ಊರಿನಲ್ಲಿದ್ದ ದಿನವೇ ಪಕ್ಷದವರು ನಾಲ್ಕೈದು ಜನ ಬಂದು ಜಗಲಿಯ ಮೇಲೆ ಕೂತರು. ಆ ಕಡೆಯವರು ನಿಮ್ಮ ತಮ್ಮನನ್ನು ನಿಲ್ಲಿಸುವ ಯೋಚನೆಯಲ್ಲಿದ್ದಾರೆ, ಅವರೆದುರು ನೀವು ನಿಂತರೇ ಸರಿ, ಊರಿನಲ್ಲಿ ನಿಮ್ಮ ಮಾತು ನಡೆಯುತ್ತದೆ ಎಂದು ಒತ್ತಾಯ ಮಾಡಿದರು. ಅಪ್ಪ ಎಲ್ಲವನ್ನೂ ಕೇಳಿದರು. ಅಮ್ಮನಿಗೆ ಹೇಳಿ ಎಲ್ಲರಿಗೂ ಕಾಫಿ ಕೊಡಿಸಿದರು. ಆಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದರು.

"ಬೇಡ್ರಪ್ಪಾ. ಚಾಲು, ಸಾಕಾಗೈತೆ. ಬೇರೆ ಯಾರನ್ನಾದ್ರೂ ನೋಡ್ಕಳ್ಳಿ."

"ಹಂಗಂದ್ರೆ ಹೆಂಗಣ್ಣ? ಇಷ್ಟು ವರ್ಷ ಪಾರ್ಟಿಗೆ ದುಡಿದೋರು ನೀವು."

"ದುಡಿದೆ," ಎಂದರು ಅಪ್ಪ. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬಂದವರು ಇನ್ನೇನೋ ಹೇಳುತ್ತಿರುವಾಗಲೇ ಒಳಗೆ ಹೋಗಿ ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದರು. ಪಕ್ಷದವರು ಇನ್ನೂ ಸ್ವಲ್ಪ ಹೊತ್ತು ಜಗಲಿಯ ಮೇಲೆ ತಮ್ಮತಮ್ಮಲ್ಲೇ ಮಾತಾಡಿ, ಲೋಟ ಕೆಳಗಿಟ್ಟು, ಬೈಕು ಹತ್ತಿ ಹೋದರು.